ಕೌಲ್‌ಬಜಾರಿನ ಕರಿದಾರದ ಕೈಗಳು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಚಹಾದಂಗಡಿಯ ಒಲೆ ಇನ್ನೂ ಹೊತ್ತಿಲ್ಲ. ಎರ್ರಿಸ್ವಾಮಿ ವಿಡಿಯೊ ಗೇಮ್ ಅಂಗಡಿಯ ಶಟರನ್ನು ಮೊಣಕಾಲಿನವರೆಗೆ ಮಾತ್ರ ಎತ್ತಿ, ಬಗ್ಗಿ ಒಳಗೆ ನುಸುಳುತ್ತಾರೆ. ಹಿಂದೆ, ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು. ಒಳಗೆ ಕತ್ತಲು, ನಿನ್ನೆಯ ಬೆವರಿನ ವಾಸನೆ. ಮೇನ್ ಸ್ವಿಚ್ ಹಾಕಿದ್ದೇ ತಡ, ಗೋಡೆಗೆ ನಿಲ್ಲಿಸಿದ ಬೀರುವಿನಂಥ ಪೆಟ್ಟಿಗೆಯೊಂದು ನೀಲಿಯಾಗಿ ಬೆಳಗುತ್ತದೆ. ಯಾರೂ ನಾಣ್ಯ ಹಾಕಿಲ್ಲ, ಯಾರೂ ಹಿಡಿಕೆ ಮುಟ್ಟಿಲ್ಲ. ಆದರೂ ಪರದೆಯ ಮೇಲೆ ಪುಟ್ಟ ವಿಮಾನವೊಂದು ತಾನೇ ಹಾರುತ್ತದೆ, ತಾನೇ ಗುಂಡು ಹೊಡೆಯುತ್ತದೆ, ಒಂದು ಬಂಡೆಗೆ ಬಡಿದು ಸಾಯುತ್ತದೆ. ಮತ್ತೆ ಹುಟ್ಟುತ್ತದೆ. ಅದೇ ಬಂಡೆ, ಅದೇ ಸಾವು. ಇಂಥದ್ದಕ್ಕೆಲ್ಲ ಹೆದರುವವನಲ್ಲ ಎಂದು ಬಸ್ಸಿನಲ್ಲಿ ಜಂಬ ಕೊಚ್ಚಿಕೊಂಡು ಬಂದವನು ನಾನು. ಈಗ ಶಟರಿನ ಹತ್ತಿರವೇ ನಿಂತಿದ್ದೇನೆ.

"ಗಿರಾಕಿ ಇಲ್ಲದಾಗ ಅದು ಹಂಗ ಆಡ್ಕೊಂತ ಇರ್ತೈತ್ರಿ. ರಸ್ತ್ಯಾಗ ಹೋಗೋರನ್ನ ಒಳಗ ಕರಿಯಾಕ ಹಂಗ ಮಾಡಿಟ್ಟಾರ," ಎಂದು ಎರ್ರಿಸ್ವಾಮಿ ನಗುತ್ತಾರೆ. "ಮೊದ್ಲು ನನಗೂ ಮೈ ಜುಮ್ ಅಂತಿತ್ತು. ಈಗ ಅದಕ್ಕ ಹೆದರಂಗಿಲ್ಲ. ನನಗ ನಾನ ಹೆದರ್ತೀನಿ."

ಯಾಕೆಂದು ಕೇಳುವ ಮೊದಲೇ ಅವರು ಪೆಟ್ಟಿಗೆಯ ಹಿಂಬದಿಯ ಬೀಗ ತೆಗೆಯುತ್ತಾರೆ. ತಂತಿಗಳ ನಡುವೆ ಅಕ್ಕಿಕಾಳಿನಷ್ಟು ಸಣ್ಣ ಸ್ವಿಚ್ಚುಗಳ ಒಂದು ಸಾಲು. ಒಂದನ್ನು ಪಿನ್ನಿನ ತುದಿಯಿಂದ ಆಚೆ ತಳ್ಳಿದರೆ ಬಂಡೆಗಳ ವೇಗ ಹೆಚ್ಚುತ್ತದೆ. ಇನ್ನೊಂದನ್ನು ತಳ್ಳಿದರೆ ಆಡುವವನ ವಿಮಾನಗಳು ಕಡಿಮೆಯಾಗುತ್ತವೆ. ಮುಂದಿನಿಂದ ನೋಡುವವರಿಗೆ ಏನೂ ಬದಲಾಗಿರುವುದಿಲ್ಲ. ಹುಡುಗರು ಪಳಗಿ, ಒಂದೇ ನಾಣ್ಯಕ್ಕೆ ಹೆಚ್ಚು ಹೊತ್ತು ಆಡತೊಡಗಿದರೆ ಮಾಲೀಕರಿಂದ ಒಂದೇ ಮಾತು ಬರುತ್ತದೆ: ಬಿಗಿ ಮಾಡು. ನಿನ್ನೆ ಸಂಜೆಯೂ ಬಂದಿದೆ. ಎರ್ರಿಸ್ವಾಮಿ ಪಿನ್ನು ಹಿಡಿದುಕೊಂಡು ಕೂತಿದ್ದಾರೆ, ತಳ್ಳುತ್ತಿಲ್ಲ.

ರಾರಾವಿ ಹಳ್ಳಿಯ ಈ ಮನುಷ್ಯ ಮೊದಲು ಸಿರುಗುಪ್ಪದಲ್ಲಿ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುತ್ತಿದ್ದವರು. ಬಳ್ಳಾರಿಗೆ ಬಂದು ರೇಡಿಯೊ ರಿಪೇರಿ ಕಲಿತರು. ಟಿ.ವಿ. ಬಂತು, ರೇಡಿಯೊ ಮೂಲೆಗೆ ಸೇರಿತು, ಅವರ ಕೆಲಸವೂ ಸೇರಿತು. ಆಗ ಮದ್ರಾಸಿನಿಂದ ಲಾರಿಯಲ್ಲಿ ಈ ಪೆಟ್ಟಿಗೆಗಳನ್ನು ತರಿಸಿದ ಸಾವ್ಕಾರರೊಬ್ಬರು ಕರೆದು ಕೆಲಸ ಕೊಟ್ಟರು; ಅವರೇ ಈಗಿನ ಮಾಲೀಕರು. ಇಲ್ಲಿ ನಾಲ್ಕು ಪೆಟ್ಟಿಗೆ, ಸಿರುಗುಪ್ಪದಲ್ಲಿ ಎರಡು, ಕುರುಗೋಡಿನ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು. ಅಂಗಡಿ ತೆರೆಯುವ ಮೊದಲೇ ಕೆಲಸ ಮುಗಿಸಿ, ಟೂಲ್ಸ್ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಮುಂದಿನ ಊರಿನ ಬಸ್ಸು ಹತ್ತಬೇಕು. ಹಾಗಾಗಿ ಆಡುವವರಿಗೆ ಆಟ ಗೊತ್ತು, ಎರ್ರಿಸ್ವಾಮಿ ಗೊತ್ತಿಲ್ಲ.

ಈ ವ್ಯಾಪಾರದ ಬಗ್ಗೆ ಅವರಿಗೆ ಖಚಿತವಾದ ಅಭಿಪ್ರಾಯವಿದೆ. "ಕಿರಾಣಿ ಅಂಗಡ್ಯಾಗ ತೂಕ ಹೊಡದ್ರ ಗಿರಾಕಿ ಜಗಳಕ್ಕ ಬರ್ತಾನ್ರಿ. ತಕ್ಕಡಿ ಕಣ್ಣ ಮುಂದ ಇರ್ತೈತಲ್ಲ. ಇಲ್ಲಿ ತಕ್ಕಡಿನ ಒಳಗ ಇಟ್ಟು ಬೀಗ ಹಾಕ್ಯಾರ. ಸೋತವ ತನ್ನನ್ನ ತಾನ ಬೈಕೊಂಡು ಇನ್ನೊಂದು ನಾಣ್ಯ ಹಾಕ್ತಾನ. ಆಟ ಬ್ಯಾಡ ಅನ್ನಂಗಿಲ್ಲ ನಾನು, ಚಲೋ ಐತಿ. ಆದ್ರ ಇವತ್ತು ಎಷ್ಟು ಬಿಗಿ ಮಾಡೀವಿ ಅಂತ ಪೆಟ್ಟಿಗಿ ಮಾರಿ ಮ್ಯಾಲ ಬರೀಲಿ. ಅಷ್ಟ ಸಾಕು."

ಸೋತವರಲ್ಲಿ ಒಬ್ಬ ಅದೇ ಓಣಿಯ ಕೊಟ್ಟೂರಪ್ಪ. ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕಟಿಂಗ್ ಮಾಸ್ತರ್. ಸಂಜೆ ಅವನು ಹಿಡಿಕೆ ಹಿಡಿದರೆ ಸುತ್ತ ಜನ ಸೇರುತ್ತಿದ್ದರಂತೆ. ಒಂದು ನಾಣ್ಯ ಹಾಕಿದವನು ಆಚೆ ಬರುತ್ತಲೇ ಇರಲಿಲ್ಲ. ಬಿಗಿ ಮಾಡೆಂಬ ಮಾತು ಬಂತು. ಎರ್ರಿಸ್ವಾಮಿ ಪಿನ್ನು ತಳ್ಳಿ ಕುರುಗೋಡಿನ ಬಸ್ಸು ಹತ್ತಿದರು. ಅಂದು ಸಂಜೆ ಕೊಟ್ಟೂರಪ್ಪನ ವಿಮಾನ ನೋಡನೋಡುತ್ತಲೇ ಬಿತ್ತು. ಮತ್ತೆ ಬಿತ್ತು. ಮರುದಿನವೂ ಬಿತ್ತು.

ಪೆಟ್ಟಿಗೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಷ್ಟು ಮಂದಿ ನಿಂತು ನೋಡಿದರೆ ಕೈಗೆ ದೃಷ್ಟಿ ತಾಗದೆ ಇರುತ್ತದೆಯೇ? ತಾಯಿ ಚನ್ನಬಸಮ್ಮ ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಒಂದಿಷ್ಟೂ ಘಾಟು ಬರ್ಲಿಲ್ರಿ. ಅಂಥಾ ದಿಷ್ಟಿ," ಎಂದು ಆಕೆ ಇಂದಿಗೂ ಕಣ್ಣರಳಿಸುತ್ತಾರೆ. ಮಗನ ಬಲಗೈಗೆ ಕರಿದಾರ ಕಟ್ಟಿದರು. ಮುಂದಿನ ವಾರ ಸೋತ ಇನ್ನೊಬ್ಬನ ಕೈಗೂ ಕರಿದಾರ ಬಂತು. ಆಮೇಲೆ ಸಿರುಗುಪ್ಪದಲ್ಲಿ, ಆಮೇಲೆ ಕುರುಗೋಡಿನಲ್ಲಿ. "ನಾ ಪಿನ್ನು ಹಾಕಿದ ಊರಾಗೆಲ್ಲ ಹಿಂದಿಂದ ಕರಿದಾರ ಬರಾಕ ಹತ್ತಿತ್ರಿ. ಬಸ್ಸಿನ್ಯಾಗ ಕಂಬಿ ಹಿಡದ ಕೈ ನೋಡಾಕ ಹೆದರಿಕಿ. ಇವರೆಲ್ಲ ಹುಡುಕೋ ಕಣ್ಣು ನಂದ ಅಲ್ಲೇನು?"

ಕೊಟ್ಟೂರಪ್ಪನ ಹೆದರಿಕೆ ಆಟದಲ್ಲಿಯೇ ಮುಗಿಯಲಿಲ್ಲ. ಪದರ ಪದರವಾಗಿ ಹಾಸಿದ ದಪ್ಪ ಬಟ್ಟೆಯ ಮೇಲೆ ಕರೆಂಟಿನ ಕತ್ತಿ ಓಡಿಸುವ ಕೆಲಸ ಅವನದು. "ಈ ಕೈ ನಂದಲ್ಲ ಅನಸ್ತೈತ್ರಿ. ನಾ ಒಂದ್ ಕಡಿ ನೋಡಿದ್ರ ಅದು ಬ್ಯಾರೆ ಕಡಿ ಹೋಗ್ತೈತೇನೋ ಅಂತ," ಎಂದು ತನ್ನ ಬಲಗೈಯನ್ನು ಬೇರೆಯವರದೆಂಬಂತೆ ಎಡಗೈಯಲ್ಲಿ ಹಿಡಿದು ತೋರಿಸುತ್ತಾನೆ. ಕತ್ತಿ ಮುಟ್ಟಿ ವಾರಗಳೇ ಆಗಿವೆ. ಸೋಮವಾರದೊಳಗೆ ಮೇಜಿಗೆ ಬರದಿದ್ದರೆ ಬೇರೆ ಮಾಸ್ತರನನ್ನು ಇಟ್ಟುಕೊಳ್ಳುವುದಾಗಿ ಶೆಡ್ಡಿನವರು ಹೇಳಿಬಿಟ್ಟಿದ್ದಾರೆ. ಇವತ್ತು ಶನಿವಾರ.

ಎರ್ರಿಸ್ವಾಮಿ ಪಿನ್ನನ್ನು ಜೇಬಿಗೆ ಹಾಕಿ ಎದ್ದು ನಿಲ್ಲುತ್ತಾರೆ. ಶಟರನ್ನು ಪೂರ್ತಿ ಎತ್ತುತ್ತಾರೆ. ಪೆಟ್ಟಿಗೆಯ ಬೆನ್ನು ಬೀದಿಗೆ ಕಾಣುವಂತೆ ತಿರುಗಿಸಿ, ಹೋಗಿ ಕೊಟ್ಟೂರಪ್ಪನನ್ನು ಕರೆತರುತ್ತಾರೆ. ಅಷ್ಟರಲ್ಲಿ ಬಾಗಿಲಲ್ಲಿ ನಾಲ್ಕಾರು ಜನ ಸೇರಿದ್ದಾರೆ. ಕರಿದಾರವಿಲ್ಲದ ಕೈ ಹುಡುಕಬೇಕು.

"ನೋಡಲೇ ಕೊಟ್ಟೂರ. ನಿನಗ ಯಾರ ದಿಷ್ಟೀನೂ ಆಗಿಲ್ಲ. ಈ ಸ್ವಿಚ್ಚು ಸರಸಿದ್ದಕ್ಕ ಹಂಗಾಗೈತಿ. ಸರಸಿದವ ನಾನ."

ಕೊಟ್ಟೂರಪ್ಪ ಸಿಟ್ಟಾಗುವುದಿಲ್ಲ. ಬಗ್ಗಿ, ಬಹಳ ಹೊತ್ತು ನೋಡುತ್ತಾನೆ. ಎರ್ರಿಸ್ವಾಮಿ ಹೇಳಿದಂತೆ ತನ್ನ ಉಗುರಿನಿಂದಲೇ ಸ್ವಿಚ್ಚನ್ನು ಹಿಂದಕ್ಕೆ ತಳ್ಳುತ್ತಾನೆ. ಪೆಟ್ಟಿಗೆ ಮತ್ತೆ ಮೊದಲಿನಂತಾಗಿದೆ, ಬಂಡೆಗಳು ನಿಧಾನವಾಗಿ ಬರುತ್ತಿವೆ. ಅವನು ಪರದೆಯ ಮುಂದಕ್ಕೆ ಬಂದು ಹಿಡಿಕೆ ಹಿಡಿದು ಆಡುತ್ತಾನೆ. ವಿಮಾನ ಮೊದಲ ಬಂಡೆಗೇ ಬಡಿದು ಸಾಯುತ್ತದೆ.

"ಕಂಡ್ಯಾ ಅಣ್ಣಾ? ಸ್ವಿಚ್ಚಲ್ಲ. ಕೈನ."

ಹೇಳುತ್ತೇನೆ, ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಪೆಟ್ಟಿಗೆಯೊಳಗಿನ ಬಿಗಿ ಸಡಿಲಾಗಿದೆ, ಆದರೆ ಅದು ಎದುರಿಗಿದ್ದ ಮನುಷ್ಯನ ಮೈಯೊಳಗೆ ಹೋಗಿ ಕೂತಿದೆ. ಅಲ್ಲಿಗೆ ಯಾವ ಪಿನ್ನೂ ತಲುಪುವುದಿಲ್ಲ.

ಎರ್ರಿಸ್ವಾಮಿ ವಾದ ಮಾಡುವುದಿಲ್ಲ. ಅವನ ರಟ್ಟೆ ಹಿಡಿದು ಎರಡು ಓಣಿ ಆಚೆಯ ಶೆಡ್ಡಿಗೆ ನಡೆಸುತ್ತಾರೆ. ಮೇಜಿನ ಮೇಲೆ ನೀಲಿ ಬಟ್ಟೆ ಹಾಸಿದೆ, ಸೀಮೆಸುಣ್ಣದ ಗೆರೆ ಎಳೆದಿದೆ. ಎರ್ರಿಸ್ವಾಮಿ ತಮ್ಮ ಎಡಗೈಯನ್ನು ಬೆರಳು ಬಿಡಿಸಿ ಗೆರೆಯ ಪಕ್ಕಕ್ಕೇ ಊರುತ್ತಾರೆ.

"ಕೊಯ್ಯಿ."

"ಬ್ಯಾಡಣ್ಣಾ."

"ಈ ಬೆರಳು ಹೋದ್ರ ನನಗ ತಂತಿ ಹಿಡಿಯಾಕ ಬರಂಗಿಲ್ಲ. ಬ್ಯಾರೆ ಕಸುಬು ಗೊತ್ತಿಲ್ಲ. ಕೊಯ್ಯಿ."

ತಡೆಯಬೇಕಿತ್ತು. ನಾನು ತಡೆಯಲಿಲ್ಲ. ಕತ್ತಿ ಗುಂಯ್‌ಗುಡತೊಡಗುತ್ತದೆ. ಕರಿದಾರದ ಕೈ ಬಟ್ಟೆಯ ಹತ್ತಿರ ಬಂದು ಒಮ್ಮೆ ಹಿಂದೆ ಸರಿಯುತ್ತದೆ, ಮತ್ತೆ ಬಂದು ಅಂಚು ಮುಟ್ಟುತ್ತದೆ. ಕತ್ತಿ ಗೆರೆಯ ಮೇಲೆಯೇ ಬಂದು, ಕಿರುಬೆರಳಿನ ಬಳಿ ತಿರುವು ತೆಗೆದುಕೊಂಡು, ಮುಂದೆ ಹೋಗುತ್ತದೆ. ಬಟ್ಟೆ ಎರಡಾಗಿ ಬೀಳುತ್ತದೆ. ಎರ್ರಿಸ್ವಾಮಿ ಕೈ ತೆಗೆದುಕೊಂಡದ್ದನ್ನು ಕೊಟ್ಟೂರಪ್ಪ ಗಮನಿಸುವುದಿಲ್ಲ. ಅವನು ಆಗಲೇ ಎರಡನೆಯ ಗೆರೆಯಲ್ಲಿದ್ದಾನೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಮಾಲೀಕರಿಗೆ ಮುಟ್ಟಿದೆ. ಬೀಗದ ಕೈಗಳನ್ನು ಕೊಟ್ಟು ಹೋಗಬೇಕಂತೆ. ಪತ್ರಿಕೆಯಲ್ಲಿ ಹೆಸರು ಹಾಕಬಹುದೇ ಎಂದು ಎರ್ರಿಸ್ವಾಮಿಯವರನ್ನು ಕೇಳಿದರೆ, "ಹಾಕ್ರಿ. ಸಿರುಗುಪ್ಪದಾಗ, ಕುರುಗೋಡಿನಾಗ ಓದಿದವ್ರು ದಾರ ಬಿಚ್ಚಲಿ," ಎನ್ನುತ್ತಾರೆ. ಮುಂದೆ ಏನು ಮಾಡುತ್ತಾರೋ ಅವರಿಗೇ ಗೊತ್ತಿಲ್ಲ. ಮತ್ತೆ ಮೋಟರಿಗೆ ತಂತಿ ಸುತ್ತಬಹುದು.

ಬೆರಳಿನ ಪಕ್ಕ ಕತ್ತಿ ಓಡುವಾಗ ಹೆದರಿಕೆಯಾಗಲಿಲ್ಲವೇ ಎಂದು ನಾನು ಕೇಳಿಯೇಬಿಡುತ್ತೇನೆ.

"ಕಣ್ಣು ಮುಚ್ಚಿದ್ದೆ ಸಾರ್," ಎನ್ನುತ್ತಾರೆ ಎರ್ರಿಸ್ವಾಮಿ. "ಕೈ ಮಾತ್ರ ತೆಗೀಲಿಲ್ಲ."