ಒಂದು ಹೆಜ್ಜೆ ಹಿಂದೆ

ನಿಟ್ಟುವಳ್ಳಿಯ ಜಾಫರ್ ಹೊಟ್ಟೆಪಾಡಿಗೆ ಬೈಕಿನ ಸೀಟ್ ಕವರ್ ಹೊಲಿಯುತ್ತಾರೆ. ಆದರೆ ಬಡಾವಣೆಗೆಲ್ಲ ಅವರು ಟೇಕ್ವಾಂಡೋ ಮಾಸ್ಟರ್. ಹನ್ನೆರಡು ವರ್ಷಗಳಿಂದ ಬೆಳಗಿನ ಹೊತ್ತು ತಮ್ಮ ಮನೆಯ ತಾರಸಿಯ ಮೇಲೆ ಕಲಿಸುತ್ತಾರೆ. ಶಿಸ್ತು ಅಂದರೆ ಶಿಸ್ತು. ಬೆಲ್ಟಿನ ಗಂಟು ಸೊಟ್ಟಗಿದ್ದರೂ ಸಾಕು, ಮಕ್ಕಳಿಗೆ ಮಂಗಳಾರತಿ ಆಗುತ್ತಿತ್ತು. ನನ್ನ ಮಗಳು ರಶ್ಮಿತಾ ಅವರ ಶಿಷ್ಯೆ.

ಹೊಸಬರಿಗೆ ಮೊದಲು ಕಲಿಸುವ ಪ್ಯಾಟರ್ನಿನ ಹೆಸರು ಚೊನ್‌ಜಿ. ಆಕಾಶ, ಭೂಮಿ ಎಂದು ಅದರ ಅರ್ಥವಂತೆ. ಒಟ್ಟು ಹತ್ತೊಂಬತ್ತು ವರಸೆ. ನಾಲ್ಕು ದಿಕ್ಕಿಗೂ ಹೋಗಿ, ತಡೆದು, ಗುದ್ದಿ, ಕೊನೆಗೆ ಶುರುಮಾಡಿದ ಜಾಗಕ್ಕೇ ಬಂದು ನಿಲ್ಲಬೇಕು. ಮುಂದಿಟ್ಟ ಹೆಜ್ಜೆ ಭುಜದ ಅಗಲದ ಒಂದೂವರೆ ಪಟ್ಟು ಉದ್ದವಿರಬೇಕು. ತಾರಸಿಯ ಮುಂಭಾಗದಲ್ಲಿ ನೀರಿನ ಟ್ಯಾಂಕ್ ಇದ್ದುದರಿಂದ ಮಾಸ್ಟರ್ ಆ ಕಡೆಯ ಹೆಜ್ಜೆಗಳನ್ನು ಮೊಟಕು ಮಾಡಿಸುತ್ತಿದ್ದರು. ಹಿಂದಕ್ಕೆ ಮಾತ್ರ ಪೂರ್ತಿ ಹೆಜ್ಜೆ. ಬರಬರುತ್ತಾ ಹಾಗೆ ಮೊಟಕು ಮಾಡಿದ್ದು ಅವರಿಗೇ ಮರೆತುಹೋಗಿತ್ತು.

ಅಲ್ಲಿಯತನಕ ಪರೀಕ್ಷೆ ಮಾಡಿ ಬೆಲ್ಟ್ ಕೊಡುತ್ತಿದ್ದವರೂ ಅವರೇ. ಕಳೆದ ವರ್ಷ ಮೊದಲ ಸಲ ಆರು ಮಕ್ಕಳನ್ನು ಹಳದಿ ಬೆಲ್ಟಿನ ಪರೀಕ್ಷೆಗೆ ಹರಿಹರಕ್ಕೆ ಕರೆದೊಯ್ದರು. ನಾನೂ ಜೊತೆಗೆ ಹೋಗಿದ್ದೆ. ಮೊದಲು ಬಂದವಳು ರಶ್ಮಿತಾ. ಜೋರಾಗಿ ಕೂಗಿ ಕೊನೆಯ ಗುದ್ದು ಹೊಡೆದಳು. ನೋಡಿದರೆ ಶುರುಮಾಡಿದ ಜಾಗದಲ್ಲಿ ಹಾಕಿದ್ದ ಸೀಮೆಸುಣ್ಣದ ಗುರುತಿಗಿಂತ ಒಂದು ಹೆಜ್ಜೆ ಹಿಂದೆ ನಿಂತಿದ್ದಳು.

"ಹಿಂಗ ಕಲಿಸಿದ್ದು ಯಾರಮ್ಮ?" ಪರೀಕ್ಷಕಿ ಕೇಳಿದರು.

ಜಾಫರ್ ಎದ್ದು ನಿಂತರು. "ನೂರು ಸಲ ಹೇಳೀನಿ ಮೇಡಂ. ಈ ಹುಡುಗಿ ಕಿವಿಗೇ ಹಾಕ್ಕಳಲ್ಲ."

ರಶ್ಮಿತಾ ಒಮ್ಮೆ ಅವರ ಮುಖ ನೋಡಿದಳು. "ಹೌದ್ರಿ ಮೇಡಂ, ನಂದೇ ತಪ್ಪು" ಅಂದಳು. ನಾನೆಂಥ ತಂದೆ! ಅವಳನ್ನೇ ದುರುಗುಟ್ಟಿಕೊಂಡು ನೋಡಿದೆ. ನೆನೆಸಿಕೊಂಡರೆ ಈಗಲೂ ನಾಚಿಕೆಯಾಗುತ್ತದೆ.

ಎರಡನೆಯವನು ಮುಗಿಸಿದ. ಒಂದು ಹೆಜ್ಜೆ ಹಿಂದೆ. ಮೂರನೆಯವಳೂ ಹಾಗೆಯೇ. ಆರಕ್ಕೆ ಆರೂ ಮಕ್ಕಳು ಅಳತೆ ಹಿಡಿದಂತೆ ಅಲ್ಲೇ ಬಂದು ನಿಂತರು. ಪರೀಕ್ಷಕಿ ಈಗ ಮಕ್ಕಳನ್ನು ಬಿಟ್ಟು ಜಾಫರ್ ಅವರನ್ನೇ ನೋಡುತ್ತಿದ್ದರು.

"ತಪ್ಪು ನಂದು ಮೇಡಂ, ನಾನೇ ಸುಳ್ಳು ಹೇಳಿದೆ" ಅಂದರು ಜಾಫರ್, ತಲೆ ಎತ್ತದೆ. "ಮಕ್ಕಳಿಗೆ ಇನ್ನೊಂದ್ ಚಾನ್ಸ್ ಕೊಡ್ರಿ."

ಪರೀಕ್ಷಕಿ ಹತ್ತು ನಿಮಿಷ ಕೊಟ್ಟರು. ಜಾಫರ್ ಎಲ್ಲರೆದುರಿಗೇ ರಶ್ಮಿತಾಳ ಬಳಿ ಬಂದು, "ಮಾಫ್ ಮಾಡಮ್ಮ" ಅಂದರು. ಅವಳು ಗುರುತಿನ ಕಡೆ ಕೈ ತೋರಿಸಿದಳು.

"ಉದ್ದ ಹೆಜ್ಜೆ ಹೆಂಗಿಡಬೇಕು, ತೋರಿಸ್ರಿ ಸರ್."

ಮಾಸ್ಟರ್ ಗುರುತಿನ ಮೇಲೆ ನಿಂತು, ಮುಷ್ಟಿ ಬಿಗಿಹಿಡಿದು ಕಾಲು ಮುಂದಿಟ್ಟರು. ಹೆಜ್ಜೆ ಗಿಡ್ಡವಾಯಿತು. ಮತ್ತೊಮ್ಮೆ ಇಟ್ಟರು. ಕಾಲು ಮತ್ತೆ ಅಲ್ಲೇ ನಿಂತಿತು. ಮುಖ ಬೆವೆತುಹೋಗಿತ್ತು. ಹನ್ನೊಂದು ವರ್ಷದ ನನ್ನ ಮಗಳು ಬಗ್ಗಿ, ನೆಲದ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳಿದಳು:

"ಇಲ್ಲೀತನಕ ಇಡ್ರಿ ಸರ್."