ರಾಕ್ಷಸನಿಗೆ ಸದ್ದು ಕೊಟ್ಟ ರೇಷ್ಮೆ ಹುಳ

ನನ್ನ ಹೆಂಡತಿಯ ನೈಟಿ ತೊಟ್ಟು, ಬರಿಗಾಲಲ್ಲಿ, ಕೈಯಲ್ಲಿ ಮೈಕ್ ಹಿಡಿದು ಗೆಳೆಯನ ಮಗಳು ಹೊಂಗನೂರಿನ ನಮ್ಮ ರೇಷ್ಮೆ ಹುಳದ ಮನೆಯಲ್ಲಿ ಅಲುಗಾಡದೆ ನಿಂತಿದ್ದಳು.

ಬೆಟ್ಟದಂಥ ರಾಕ್ಷಸ ಪ್ರಾಣಿಗಳು ಕಾದಾಡುವ ವಿಡಿಯೊ ಗೇಮ್ ಒಂದು ಬರಲಿದೆಯಂತೆ. ಅದಕ್ಕೆ ಸದ್ದು ಹುಡುಕುವುದು ಅವಳ ಮೊದಲ ಕೆಲಸ. ರಾಕ್ಷಸ ಊರನ್ನು ಅಗಿದು ತಿನ್ನುವ ಸದ್ದು ಮಾತ್ರ ಎಷ್ಟು ಸಲ ಕಳಿಸಿದರೂ ಒಪ್ಪಿಗೆಯಾಗಿರಲಿಲ್ಲ. ಅಂದು ಸಿಗದಿದ್ದರೆ ಕೆಲಸ ಬೇರೆಯವರ ಪಾಲು. ನಮ್ಮ ಟಗರಿನ ಕೂಗಾದರೂ ಆದೀತೆಂದು ಬಂದವಳು, ಹುಳದ ಮನೆಯ ಒಳಗಿಂದ ಬರುತ್ತಿದ್ದ ಸದ್ದು ಕೇಳಿ ಅದರ ಮುಂದೆ ನಿಂತುಬಿಟ್ಟಳು.

"ಆಂಟಿ, ಮಳೆ ಬತ್ತಾ ಐತಾ?"

"ಮಳೆ ಎಲ್ಲಿ ಬಂತವ್ವ? ಹುಳ ಸೊಪ್ಪು ಮೇಯ್ತಾವೆ," ಎಂದಳು ನನ್ನ ಹೆಂಡತಿ. ಒಳಗೆ ಮಾತ್ರ ಬಿಡಲಿಲ್ಲ. "ಸೆಂಟ್ ಹೊಡ್ಕಂಡ್ ಬಂದಿದೀಯ, ಹುಳ ಸತ್ತೋಯ್ತವೆ. ಸ್ನಾನ ಮಾಡಿ ನನ್ ನೈಟಿ ಹಾಕ್ಕಂಡ್ ಬಾ."

ರೆಕಾರ್ಡ್ ಮಾಡಿಕೊಂಡು, ಲ್ಯಾಪ್‌ಟಾಪಿನಲ್ಲಿ ಸದ್ದನ್ನು ನಿಧಾನ ಮಾಡಿ, ದಪ್ಪ ಮಾಡಿ, ನಮ್ಮಿಬ್ಬರಿಗೂ ಹೆಡ್‌ಫೋನ್ ಕೊಟ್ಟಳು. ಬಂಡೆ ಪುಡಿಯಾದಂತೆ ಕೇಳಿ ನಾನು ಬೆಚ್ಚಿಬಿದ್ದೆ. ನನ್ನ ಹೆಂಡತಿ ಬೆಚ್ಚಲಿಲ್ಲ.

"ತಡಿ, ಇನ್ನೊಸಿ ಸೊಪ್ಪು ಹಾಕ್ತೀನಿ. ಇನ್ನೂ ಜೋರಾಗ್ ತಿಂತವೆ ನನ್ ಮಕ್ಳು," ಎಂದು ಪುಟ್ಟಿ ಎತ್ತಿದಳು.

ಸದ್ದು ಒಪ್ಪಿಗೆಯಾಯಿತೆಂದು ಸಂಜೆ ಹುಡುಗಿ ಫೋನಿನಲ್ಲೇ ಕುಣಿದಳು. ಗೇಮ್ ಇನ್ನೂ ಬಂದಿಲ್ಲ, ಬಂದರೂ ನಮಗೆ ಆಡಲು ಬಾರದು. ಆದರೆ ಆ ರಾಕ್ಷಸ ಯಾವ ಪಟ್ಟಣವನ್ನು ನುಂಗಿದರೂ, ಅವನ ಬಾಯಲ್ಲಿರುವುದು ನಮ್ಮ ತೋಟದ ಸೊಪ್ಪೇ.