ಸೋಮವಾರದ ಫ್ರೀ ಸರ್ವಿಸ್

2023ರ ಏಪ್ರಿಲ್‌ನಲ್ಲಿ ನಾನು ಚಾಮರಾಜನಗರದಲ್ಲಿ ದಿನಪತ್ರಿಕೆಯೊಂದರ ಜಿಲ್ಲಾ ವರದಿಗಾರನಾಗಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇತ್ತು. ವಿಧಾನಸಭಾ ಚುನಾವಣೆಯ ಓಡಾಟದ ನಡುವೆಯೂ ವಾರಕ್ಕೊಮ್ಮೆ ಗ್ರಾಹಕರ ದೂರುಗಳ ಅರ್ಧ ಕಾಲಂ ತುಂಬಿಸುವುದು ನನ್ನ ಕೆಲಸ. ಎರಡೂ ಕಡೆಯವರ ಮಾತು ಕೇಳದೆ ಒಂದು ಸಾಲೂ ಅಚ್ಚಾಗಬಾರದು ಎಂಬುದು ಆ ಕಾಲಂನ ಏಕೈಕ ನಿಯಮ. ಹಾಗಾಗಿ ಬಂದ ದೂರುಗಳಲ್ಲಿ ಅರ್ಧದಷ್ಟು ಅಚ್ಚಾಗುವ ಮೊದಲೇ ಇತ್ಯರ್ಥವಾಗುತ್ತಿದ್ದವು.

ಕಾರು ಡೀಲರ್‌ಗಳು ಕೊಡುವ ಲಾಯಲ್ಟಿ ಕಾರ್ಡು, ಫ್ರೀ ಆಫರ್‌ಗಳಿಂದ ನಿಜಕ್ಕೂ ಲಾಭವಿದೆಯೇ ಎಂದು ಪರಿಚಯದವರು ಈಗಲೂ ಕೇಳುತ್ತಾರೆ. ಆಗೆಲ್ಲ ನನಗೆ ನೆನಪಾಗುವುದು ದಾಕ್ಷಾಯಿಣಿ ಎಂಬ ಹೆಣ್ಣುಮಗಳು ಆ ತಿಂಗಳು ನನ್ನ ಮೇಜಿನ ಮೇಲೆ ತಂದಿಟ್ಟ ಪ್ಲಾಸ್ಟಿಕ್ ಫೈಲು.

ಆಕೆಗೆ ಮೂವತ್ತನಾಲ್ಕು ವರ್ಷ. ಗುಂಡ್ಲುಪೇಟೆಯಿಂದ ಎಂಟು ಕಿಲೋಮೀಟರ್ ದೂರದ ಹಳ್ಳಿ. ಏಳು ಸೀಟಿನ ಹಳದಿ ಬೋರ್ಡಿನ ಕಾರು ಓಡಿಸುತ್ತಿದ್ದರು. ಮಂಗಳವಾರ, ಗುರುವಾರ, ಶನಿವಾರ ಸುತ್ತಲಿನ ಹಳ್ಳಿಗಳ ಮೂವರು ರೋಗಿಗಳನ್ನು ಡಯಾಲಿಸಿಸ್‌ಗೆ ಚಾಮರಾಜನಗರದ ಆಸ್ಪತ್ರೆಗೆ ಕರೆತಂದು, ನಾಲ್ಕು ಗಂಟೆ ಕಾದು, ವಾಪಸು ಮನೆ ಬಾಗಿಲಿಗೆ ಬಿಡುವುದು ಅವರ ಕಾಯಂ ಬಾಡಿಗೆ. ಏಪ್ರಿಲ್ ಮೊದಲ ಗುರುವಾರ ಮೂವರನ್ನೂ ಕೂರಿಸಿಕೊಂಡು ಬರುವಾಗ ತೆರಕಣಾಂಬಿ ದಾಟಿದ ಮೇಲೆ ಕಾರಿನ ಗೇರ್‌ಬಾಕ್ಸ್ ಕೈಕೊಟ್ಟಿತ್ತು. ರೋಗಿಗಳನ್ನು ಬಸ್ಸು ಹತ್ತಿಸಿದರು. ಕಾರನ್ನು ಡೀಲರ್ ಕಳಿಸಿದ ಲಾರಿ ಎಳೆದುಕೊಂಡು ಹೋಯಿತು. ಆರು ದಿನದ ನಂತರ ಉತ್ತರ ಬಂತು: ಸರ್ವಿಸ್ ದಾಖಲೆ ಅಪೂರ್ಣ, ವಾರಂಟಿ ಅನ್ವಯಿಸುವುದಿಲ್ಲ.

ವಾರಂಟಿ ವಿಷಯ ಸ್ವಲ್ಪ ವಿವರಿಸಬೇಕು. ಆ ಕಾರಿಗೆ ಕಂಪನಿ ಕೊಟ್ಟಿದ್ದು ಎರಡು ವರ್ಷದ ವಾರಂಟಿ. ಮೂರನೇ ವರ್ಷದ್ದು ಡೀಲರ್‌ನ ಲಾಯಲ್ಟಿ ಕಾರ್ಡಿನ ಕೊಡುಗೆ. ಅದಕ್ಕೆ ಒಂದು ಷರತ್ತು: ಪ್ರತಿ ಹತ್ತು ಸಾವಿರ ಕಿಲೋಮೀಟರಿಗೆ ಅವರಲ್ಲೇ ಸರ್ವಿಸ್ ಆಗಿರಬೇಕು. ದಾಕ್ಷಾಯಿಣಿಯವರ ಕಾರು 41,600 ಕಿಲೋಮೀಟರ್ ಓಡಿತ್ತು. ಮೊದಲ ಎರಡು ಸರ್ವಿಸ್ ಆಗಿದ್ದವು. ಮೂರನೆಯದು, ನಾಲ್ಕನೆಯದು ಆಗಿರಲಿಲ್ಲ.

“ಆಯಿಲ್ ನಮ್ಮೂರ ಮೆಕ್ಯಾನಿಕ್ ಕೈಲಿ ಬದ್ಲಾಯ್ಸಿವ್ನಿ ಸಾ. ಬಿಲ್ಲು ಅದ, ನೋಡಿ,” ಎಂದರು. “ಅದು ಲೆಕ್ಕಕ್ಕಿಲ್ಲ ಅಂತರ.”

“ಡೀಲರ್ ಹತ್ತಿರ ಯಾಕೆ ಮಾಡಿಸಲಿಲ್ಲ?”

“ಇಲ್ಲಿ ವರ್ಕ್‌ಶಾಪಲ್ಲಿ ಒಂಬತ್ ಗಂಟ್ಗ ಬುಟ್ರ ಸಂಜ ಐದ್ಕ ಕೊಡ್ತರ. ಡಯಾಲಿಸಿಸ್ ಆದೋರ ಅಲ್ಲಿಗಂಟ ಕೂರ್ಸಕಾದದಾ? ಮಿಕ್ಕ ದಿನ ಬ್ಯಾರೆ ಬಾಡ್ಗ ಬುಟ್ಟು ಇಲ್ಲಿಗಂಟ ಬಂದ್ರ ಒಂದಿನದ ದುಡ್ಡೇ ಓಯ್ತದ. ಕಾರ್ಡ್ ಇದ್ದೋರ್ಗ ಗುಂಡ್ಲುಪೇಟ್ಗೇ ಸರ್ವಿಸ್ ವ್ಯಾನ್ ಬತ್ತದ, ಫ್ರೀ ಅಂದ್ರು. ಆದ್ರ ಆ ದಿನ ನಂಗ ಓಗಕ ಆಗ್ಲಿಲ್ಲ.”

ಯಾಕೆ ಆಗಲಿಲ್ಲ ಎಂದು ಕೇಳಿದ್ದಕ್ಕೆ ಆಕೆ ಫೈಲಿನ ದಾರ ಕಟ್ಟತೊಡಗಿದರು. ಹೊರಡುವಾಗ ಒಂದೇ ಮಾತು ಹೇಳಿದರು: “ಈ ತಿಂಗ್ಳ ಕೊನೆಗಂಟ ಕಾಯ್ತೀವಿ ಅಂದವ್ರ ಮೂರು ಮನೆಯೋರೂವಿ. ಆಮೇಕ ಬ್ಯಾರೆ ಗಾಡಿ ಗೊತ್ ಮಾಡ್ಕತರ. ತಪ್ಪು ಅನ್ನಕಾಗಲ್ಲ ಸಾ. ಬಸ್ಸಲ್ಲಿ ನಿಂತ್ಕಂಡು ಬರಂಗದಾ ಅವ್ರು?”

ಶನಿವಾರ ಡೀಲರ್‌ನ ವರ್ಕ್‌ಶಾಪಿಗೆ ಹೋದೆ. ಸರ್ವಿಸ್ ಮ್ಯಾನೇಜರ್ ಮಂಗಳೂರಿನ ಕಡೆಯವರು. ಬಂದು ಒಂದು ವರ್ಷವಾಗಿತ್ತು. ಸಭ್ಯರು, ಏನನ್ನೂ ಮುಚ್ಚಿಡಲಿಲ್ಲ. ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿದರು. ದಾಕ್ಷಾಯಿಣಿಯವರ ಹೆಸರಿನ ಮುಂದೆ ಎರಡು ಬುಕಿಂಗ್. ಎರಡೂ ಕಡೆ ‘ಕನ್ಫರ್ಮ್ಡ್’. ಅದರ ಪಕ್ಕದಲ್ಲಿ ಎರಡೂ ಕಡೆ ‘ನೋ ಶೋ’, ಅಂದರೆ ಒಪ್ಪಿಕೊಂಡವರು ಬರಲಿಲ್ಲ.

“ನೀವೇ ಹೇಳಿ, ಉಚಿತ ಸೇವೆ ಅವರ ಊರಿನ ಹತ್ತಿರವೇ ಕಳಿಸಿದ್ದೇವೆ. ಬರ್ತೇನೆ ಅಂತ ಹೇಳಿ ಬಾರದಿದ್ದರೆ ನಾವೇನು ಮಾಡುದು ಮಾರಾಯ್ರೆ?” ಎಂದರು. ಅದು ನ್ಯಾಯವಾದ ಪ್ರಶ್ನೆಯೇ. ಅವರ ಹೇಳಿಕೆ ಬರೆದುಕೊಂಡೆ. ಎರಡೂ ಬುಕಿಂಗ್‌ಗಳ ದಿನಾಂಕವನ್ನೂ ಬರೆದುಕೊಂಡೆ. ಎರಡೂ ಸೋಮವಾರ. ಆಗ ಅದು ನನ್ನ ಗಮನಕ್ಕೆ ಬರಲಿಲ್ಲ.

ದೂರುದಾರರ ಮನೆ ನೋಡದೆ ಬರೆಯುವ ಅಭ್ಯಾಸ ನನಗಿರಲಿಲ್ಲ. ಮುಂದಿನ ಸೋಮವಾರ ಗುಂಡ್ಲುಪೇಟೆಯಲ್ಲಿ ಪ್ರಚಾರ ಸಭೆಯ ವರದಿ ಮುಗಿಸಿ ಆ ಹಳ್ಳಿಗೆ ಹೋದೆ. ದಾಕ್ಷಾಯಿಣಿಯವರ ಮಾವ ಶಿವಮಲ್ಲಪ್ಪ ಹಣೆಗೆ ವಿಭೂತಿ ಬಳಿದುಕೊಂಡು ಜಗಲಿಯಲ್ಲಿ ಕೂತಿದ್ದರು. ಕಾರು ನಿಲ್ಲಿಸುವ ಜಾಗ ತೋರಿಸಿ ಎಂದೆ. ಅದು ಹಳೆಯ ಎತ್ತಿನ ಕೊಟ್ಟಿಗೆ. ಕಲ್ಲಿನ ಗೋದಲಿ ಹಾಗೇ ಇತ್ತು. ಮೊಳೆಗೆ ಎತ್ತಿನ ಗಂಟೆಸರ ನೇತುಹಾಕಿತ್ತು. ನೆಲದ ಮೇಲೆ ಆಯಿಲಿನ ಕಲೆ. ಗೋಡೆಗೆ ಆಗಷ್ಟೇ ಇಟ್ಟ ಮೂರು ಬೆರಳಿನ ವಿಭೂತಿ.

“ಗಾಡಿ ಇಲ್ಲ, ಅದ್ರ ಜಾಗಕ್ಕೇ ಪೂಜೆ ಮಾಡ್ದಿ ಸಾ. ಸೋಮ್ವಾರ ಅಲ್ವಾ?” ಎಂದರು ಮುದುಕರು.

“ಸೋಮವಾರ ಗಾಡಿ ಓಡಿಸುವುದಿಲ್ಲವೇ?”

“ಸೋಮ್ವಾರ ಬಸಪ್ಪನ ಕತ್ಗ ನೊಗ ಕಟ್ಟದುಂಟಾ?”

“ಇದು ಕಾರಲ್ಲವೇ ಯಜಮಾನರೇ?”

“ಎತ್ತ ಮಾರಿ ತಂದ ಕಾರು. ಎತ್ತಿನ ಜಾಗ್ದಲ್ಲೇ ನಿಲ್ತದ. ಎತ್ಗೊಂದು ನ್ಯಾಯ, ಇದ್ಕೊಂದು ನ್ಯಾಯವಾ?”

ಬಾಗಿಲ ಬಳಿ ನಿಂತಿದ್ದ ದಾಕ್ಷಾಯಿಣಿ ನಗು ತಡೆದುಕೊಂಡರು. “ಓದ್ಸಲ ಆಯುಧಪೂಜೇಲಿ ಬಾನೆಟ್ ಮುಂದ್ಕ ಹುಲ್ಲೂ ಮಡ್ಗಿದ್ರು ಸಾ. ಪಂಚರ್ ಹಾಕವ್ನು ಬಿದ್ದುಬಿದ್ದು ನಕ್ಬುಟ್ಟ.”

“ನಗ್ಲಿ ಬುಡಮ್ಮಿ. ಅವ್ನು ಗಾಳಿ ತುಂಬವ್ನು, ಅವ್ನಿಗೇನ್ ಗೊತ್ತು?” ಎಂದರು ಮಾವ.

ಆಮೇಲೆ ಆಕೆ ನಿಧಾನವಾಗಿ ಹೇಳಿದ್ದು ಇಷ್ಟು. ಹೆಂಗಸು ಬಾಡಿಗೆ ಗಾಡಿ ಓಡಿಸುವುದು ಬೇಡವೆಂದು ನೆಂಟರೆಲ್ಲ ತಡೆದಾಗ ಪರವಾಗಿ ನಿಂತವರು ಮಾವ ಒಬ್ಬರೇ. ತಮ್ಮ ಎತ್ತಿನ ಜೋಡಿ ಮಾರಿ ಮುಂಗಡ ಕಟ್ಟಿದ್ದರು. ಅವರು ಕೇಳಿದ್ದು ಒಂದೇ ಮಾತು: ಸೋಮವಾರ ಗಾಡಿ ಕೊಟ್ಟಿಗೆಯಿಂದ ಹೊರಗೆ ಬರಬಾರದು. ಆ ಮಾತಿನ ಮೇಲೆ ಆಕೆಗೆ ಸ್ಟೀರಿಂಗ್ ಸಿಕ್ಕಿತ್ತು. ಡೀಲರ್‌ನ ಫ್ರೀ ವ್ಯಾನ್ ಗುಂಡ್ಲುಪೇಟೆಗೆ ಬರುತ್ತಿದ್ದುದು ತಿಂಗಳ ಮೊದಲ ಮತ್ತು ಮೂರನೇ ಸೋಮವಾರ.

“ಹಾಗಂತ ಅವರಿಗೆ ಹೇಳಬಹುದಿತ್ತಲ್ಲ?” ಎಂದೆ. ತಪ್ಪು ಒಂದೇ ಕಡೆ ಇರಲಿಲ್ಲ.

“ಬೆಂಗ್ಳೂರಿಂದ ಫೋನ್ ಮಾಡ ಹುಡ್ಗಿಗ ಎತ್ತಿನ ಕತ ಏಳನಾ ಸಾ? ಬರಲ್ಲ ಅಂತ ನಾನು ಮರ್ಯಾದಿಂದ್ಲೇ ಏಳಿವ್ನಿ.”

“ಆದರೆ ಅವರ ದಾಖಲೆಯಲ್ಲಿ ಕನ್ಫರ್ಮ್ ಅಂತ ಇದೆ.”

“ಸುಳ್ಳು ಸಾ,” ಎಂದರು ಆಕೆ. ಮೊದಲ ಸಲ ಅವರ ದನಿ ಏರಿತು.

ಒಬ್ಬರು ಬರುತ್ತೇನೆಂದಿದ್ದರು ಎನ್ನುತ್ತಾರೆ, ಇನ್ನೊಬ್ಬರು ಬರುವುದಿಲ್ಲವೆಂದೆ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ದಾಕ್ಷಾಯಿಣಿ ಬಸ್ಸಿನಲ್ಲಿ ಬಂದರು. ಇಬ್ಬರೂ ವರ್ಕ್‌ಶಾಪಿಗೆ ಹೋಗಿ, ಕಾಲ್ ಸೆಂಟರ್‌ನ ರೆಕಾರ್ಡಿಂಗ್ ಕೇಳಿಸಿ ಎಂದೆವು. ಮ್ಯಾನೇಜರ್ ಒಪ್ಪಿದರು. ಚಂದಕವಾಡಿಯ ಮಹೇಶ ಎಂಬ ಸರ್ವಿಸ್ ಅಡ್ವೈಸರ್, ಅಂದರೆ ಗ್ರಾಹಕರಿಂದ ಗಾಡಿ ಪಡೆದು ಕೆಲಸ ಬರೆದುಕೊಳ್ಳುವವರು, ಫೈಲು ಹುಡುಕಿ ಹಾಕಿದರು.

ಹುಡುಗಿಯ ದನಿ: “ಮೇಡಂ, ಸೋಮವಾರ ಹತ್ತು ಗಂಟೆಗೆ ಸ್ಲಾಟ್ ಇದೆ. ಕನ್ಫರ್ಮ್ ಮಾಡಲಾ?”

ದಾಕ್ಷಾಯಿಣಿಯವರ ದನಿ: “ಸೋಮ್ವಾರವಾ... ನೋಡನ ಬುಡಿ.”

“ಥ್ಯಾಂಕ್ಯೂ ಮೇಡಂ, ಕನ್ಫರ್ಮ್ ಆಗಿದೆ.”

ಮಹೇಶ ಜೋರಾಗಿ ನಕ್ಕುಬಿಟ್ಟರು. ಮ್ಯಾನೇಜರ್‌ಗೆ ಅರ್ಥವಾಗಲಿಲ್ಲ. “ಯಾಕೆ ನಗ್ತೀರಿ? ನೋಡೋಣ ಅಂದಿದ್ದಾರಲ್ಲ?”

“ಸಾ, ನಮ್ಮ ಕಡೆ ನೋಡನ ಬುಡಿ ಅಂದ್ರ ಬರಲ್ಲ ಅಂತ ಕಣ್ ಸಾ. ಮನಗ ಬಂದ ಗಂಡಿನ ಕಡೆಯೋರ್ಗ ನೋಡನ ಬುಡಿ ಅಂದ್ರ ಅವ್ರು ಕಾಪಿನೂ ಕುಡೀದೆ ಎದ್ದೋಯ್ತರ!”

ಎರಡನೇ ಕರೆಯಲ್ಲೂ ಅದೇ ಮಾತು. ಮ್ಯಾನೇಜರ್ ಗುಂಡ್ಲುಪೇಟೆ ವ್ಯಾನಿನ ಹಿಂದಿನ ಮೂರು ತಿಂಗಳ ಪಟ್ಟಿ ತೆಗೆಸಿದರು. ಮೂವತ್ತೊಂದು ಬುಕಿಂಗ್‌ಗಳಲ್ಲಿ ಹತ್ತೊಂಬತ್ತು ನೋ ಶೋ. ಮಹೇಶ ಹತ್ತು ರೆಕಾರ್ಡಿಂಗ್ ಕೇಳಿದರು. ಏಳರಲ್ಲಿ ‘ನೋಡನ’. ಎಲ್ಲರ ಮನೆಯಲ್ಲೂ ಎತ್ತಿನ ನಿಯಮ ಇತ್ತೆಂದು ನಾನು ಹೇಳಲಾರೆ. ಕಾರಣ ಏನೇ ಇರಲಿ, ಬರುವುದಿಲ್ಲ ಎಂದವರನ್ನು ಕಾಲ್ ಸೆಂಟರ್ ಬರುತ್ತಾರೆ ಎಂದು ಬರೆದುಕೊಂಡಿತ್ತು.

“ಹೆಡ್ ಆಫೀಸಿನಿಂದ ನನಗೆ ದಿನಾ ಪ್ರಶ್ನೆ ಬರ್ತಿತ್ತು, ನಿಮ್ಮ ಗ್ರಾಹಕರಿಗೆ ಲಾಯಲ್ಟಿಯೇ ಇಲ್ಲ ಅಂತ,” ಎಂದರು ಮ್ಯಾನೇಜರ್. ಅದೇ ಮಧ್ಯಾಹ್ನ ರೆಕಾರ್ಡಿಂಗ್ ಮತ್ತು ಊರಿನ ಮೆಕ್ಯಾನಿಕ್ ಕೊಟ್ಟ ಬಿಲ್ಲುಗಳನ್ನು ಲಗತ್ತಿಸಿ ಕಂಪನಿಗೆ ಬರೆದರು. ಅವರ ಭಾಷೆಯಲ್ಲಿ ಅದು ‘ಗುಡ್‌ವಿಲ್ ವಾರಂಟಿ’. ಹಕ್ಕಿನಿಂದ ಬಾರದ್ದನ್ನು ಕಂಪನಿ ಸದ್ಭಾವನೆಯಿಂದ ಕೊಡುವುದು. ಕೊಡಲೇಬೇಕೆಂದಿಲ್ಲ.

ಒಂಬತ್ತು ದಿನ ಉತ್ತರವಿಲ್ಲ. ಪತ್ರಿಕೆಯಲ್ಲಿ ಹಾಕಿದರೆ ಬೇಗ ಆದೀತೆಂದು ದಾಕ್ಷಾಯಿಣಿಯವರ ಕಾರಿನ ಪ್ರಯಾಣಿಕರಲ್ಲೊಬ್ಬರಾದ ನಿವೃತ್ತ ಶಿಕ್ಷಕ ನಂಜುಂಡಯ್ಯ ಫೋನ್ ಮಾಡಿದರು. ಕಂಪನಿಯ ಉತ್ತರ ಬಾರದೆ ಬರೆಯಲಾರೆ ಎಂದೆ. “ನಮ್ಮ ಕಿಡ್ನಿಗೆ ನಿಮ್ಮಷ್ಟು ಶಿಸ್ತಿದ್ದಿದ್ರೆ ನಾವ್ಯಾಕೆ ಆಸ್ಪತ್ರೆ ಸುತ್ತಬೇಕಿತ್ತು ಸ್ವಾಮಿ?” ಎಂದು ಇಟ್ಟುಬಿಟ್ಟರು. ಆ ವಾರ ನನಗೂ ನೆಮ್ಮದಿ ಇರಲಿಲ್ಲ.

27ರ ಗುರುವಾರ ಒಪ್ಪಿಗೆ ಬಂತು. ಬಿಡಿಭಾಗ ಕಂಪನಿಯದು, ಕೂಲಿ ಡೀಲರ್‌ನದು. ಶನಿವಾರ ಸಂಜೆ ಗೇರ್‌ಬಾಕ್ಸ್ ಕೂತಿತು. ಮ್ಯಾನೇಜರ್ ತಾವೇ ಫೋನ್ ಮಾಡಿದ್ದನ್ನು ದಾಕ್ಷಾಯಿಣಿ ಆಮೇಲೆ ನನಗೆ ಹೇಳಿದರು.

“ಗಾಡಿ ರೆಡಿ ಉಂಟಮ್ಮ. ನಾಳೆ ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಬಂದು ತಕೊಂಡು ಹೋಗ್ತೀರಾ?”

“ನೋಡನ ಬುಡಿ ಸಾ.”

ಆ ಕಡೆ ನಗು. “ಆಯ್ತು. ನಾಳೆಯೇ ಬನ್ನಿ. ಗೇಟು ನಾನೇ ಬಂದು ತೆಗೆಸ್ತೇನೆ.”

“ಬತ್ತೀನಿ ಸಾ.”

ಏಪ್ರಿಲ್ 30ರ ಭಾನುವಾರ ಕಾರು ಕೊಟ್ಟಿಗೆ ಸೇರಿತು. ಸೋಮವಾರ ವಿಭೂತಿ ಹಚ್ಚಿಸಿಕೊಂಡು ನಿಂತಿತು. ಮಂಗಳವಾರ ಮೂವರನ್ನೂ ಕೂರಿಸಿಕೊಂಡು ಚಾಮರಾಜನಗರಕ್ಕೆ ಬಂತು. ಜೂನ್‌ನಿಂದ ಗುಂಡ್ಲುಪೇಟೆಯ ವ್ಯಾನ್ ಬುಧವಾರಕ್ಕೆ ಬದಲಾಯಿತು. ಬುಕಿಂಗ್ ಕರೆಗಳನ್ನು ಮಹೇಶ ಮಾಡತೊಡಗಿದರು. ಕಾಲಂನಲ್ಲಿ ನಾನು ಬರೆದದ್ದು ಹನ್ನೆರಡು ಸಾಲು.

ಹಾಗಾದರೆ ಆ ಕಾರ್ಡಿನಿಂದ ಲಾಭವಾಯಿತೇ? ಫ್ರೀ ವಾಷ್ ಕೂಪನ್‌ಗಳು ಬಳಕೆಯಾಗದೆ ಅವಧಿ ಮುಗಿದವು. ಬಿಡಿಭಾಗಗಳ ಮೇಲಿನ ರಿಯಾಯಿತಿ ಆಕೆಗೆ ಬೇಡದ ವಸ್ತುಗಳ ಮೇಲಿತ್ತು. ಕೆಟ್ಟು ನಿಂತ ದಿನ ಪುಕ್ಕಟೆ ಬಂದ ಲಾರಿ ಮಾತ್ರ ನಿಜವಾದ ಉಪಕಾರ. ಕಾರ್ಡಿನ ಜೊತೆ ಕೊಟ್ಟಿದ್ದ ಕೊಡೆಯನ್ನು ನಂಜುಂಡಯ್ಯನವರು ಇನ್ನೂ ಹಿಡಿದು ಓಡಾಡುತ್ತಿದ್ದಾರೆ. ಮೂರನೇ ವರ್ಷದ ವಾರಂಟಿ ಎಲ್ಲಕ್ಕಿಂತ ಬೆಲೆಬಾಳುವ ಕೊಡುಗೆಯಾಗಿತ್ತು, ಕೈತಪ್ಪುವ ಹಂತಕ್ಕೆ ಬಂದದ್ದೂ ಅದೇ.

ಕಳೆದ ವರ್ಷ ನಾನೂ ಒಂದು ಸಣ್ಣ ಕಾರು ಕೊಂಡೆ. ಷೋರೂಮಿನವರು ಉಚಿತ ಕೊಡುಗೆಗಳ ಪಟ್ಟಿ ಮುಂದಿಟ್ಟರು. ಎಷ್ಟು ಉಳಿತಾಯ ಎಂದು ನಾನು ಕೇಳಲಿಲ್ಲ. ಯಾವ ಊರಲ್ಲಿ, ಯಾವ ವಾರ, ಏನು ತಪ್ಪಿದರೆ ಇದು ತಪ್ಪುತ್ತದೆ ಎಂದು ಕೇಳಿ ಬರೆಸಿಕೊಂಡೆ. ನಮ್ಮ ವಾರಕ್ಕೆ ಹೊಂದದ ಕೊಡುಗೆ ಎಷ್ಟು ಪುಕ್ಕಟೆಯಾದರೂ ನಮ್ಮದಲ್ಲ. ಕೊನೆಯಲ್ಲಿ ಷೋರೂಮಿನ ಹುಡುಗನೊಬ್ಬ ಐದು ವರ್ಷದ ಪ್ಯಾಕೇಜಿಗೆ ಸಹಿ ಹಾಕಿಸಲು ಬಂದ. ನಾನು “ನೋಡನ ಬುಡಪ್ಪ” ಎಂದೆ. ನಮ್ಮ ಜಿಲ್ಲೆಯ ಸಂತೆಮರಹಳ್ಳಿಯವನಂತೆ. ನಕ್ಕು, ಕಾಗದ ಮಡಿಚಿಟ್ಟ.